ಹೊಸ್ತಿಲು ದಾಟಿ ಬಂದ ವೈದ್ಯವಿದ್ಯೆ
(ಬೆಂಗಳೂರು ಗ್ರಾಮಾಂತರದಲ್ಲಿ ಒಂದು ಬೇಸಗೆಯ ಪ್ರವಾಸ)

ಬೇಸಗೆ ಬಂದಿತೆಂದರೆ ವೃತ್ತಪತ್ರಿಕೆಗಳ ಒಳಪುಟಗಳು ವಿದ್ಯಾಸಂಸ್ಥೆಗಳ ವಾರ್ತೆಗಳಿಂದ ತುಂಬಿಹೋಗುತ್ತವೆ. ಒಂದೆಡೆ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಫಲಿತಾಂಶ, ಘಟಿಕೋತ್ಸವ, ಚಿನ್ನದ ಪದಕ. ಇನ್ನೊಂದೆಡೆ ಮೇ ತಿಂಗಳ ಆರಂಭದಲ್ಲಿ ನಡೆಯುವ ನೀಟ್ ಪರೀಕ್ಷೆಗಾಗಿ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತ ಮಕ್ಕಳು. ನಿಲುವಂಗಿ ತೊಟ್ಟು ಪದಕ ಹಿಡಿದು ನಿಂತ ಯುವಕ ಯುವತಿಯರ ಭಾವಚಿತ್ರಗಳನ್ನು ಕಂಡಾಗ ಯಾವ ಹೆತ್ತವರ ಎದೆ ತಾನೆ ಹಿಗ್ಗದು? ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಅಂಥ ಪುಟವನ್ನು ಕತ್ತರಿಸಿ ದೇವರ ಕೋಣೆಯ ಪಕ್ಕದ ಗೋಡೆಗೆ ಅಂಟಿಸಿರುವುದನ್ನು ನಾನು ಕಂಡಿದ್ದೇನೆ.

ಕಳೆದ ವೈಶಾಖದಲ್ಲಿ ಇಂಥದೇ ಒಂದು ಪುಟವನ್ನು ಓದುತ್ತ ಕುಳಿತಿದ್ದಾಗ ನನ್ನ ಅಕ್ಕನಿಂದ ದೂರವಾಣಿ ಕರೆ ಬಂದಿತು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಹೊಸಕೋಟೆ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿಯಲ್ಲಿ ಮಗ ಸೊಸೆಯರೊಡನೆ ಇದ್ದಾಳೆ. "ತಮ್ಮಯ್ಯಾ, ನಂಗೆ ಇಬ್ರು ಡಾಕ್ಟ್ರು ಮೊಮ್ಮಕ್ಕಳು ಬಂದವ್ರೆ ಕಣಪ್ಪಾ. ಶುಕ್ರವಾರ ಬತ್ತಾರೆ, ನೀನೂ ಬಂದು ನೋಡ್ಕೊಂಡು ಹೋಗು" ಎಂದಳು. ಅಕ್ಕನ ಮೊಮ್ಮಕ್ಕಳಿಬ್ಬರೂ ಇನ್ನೂ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿರುವವರು. ಇದೇನು ಒಗಟೆಂದು ನಾನು ಕೇಳುವಷ್ಟರಲ್ಲಿ ನನ್ನ ಸೋದರಳಿಯ ದೂರವಾಣಿಯನ್ನು ತೆಗೆದುಕೊಂಡು, "ಮಾವಾ, ಮೆಡಿಕಲ್ ಕಾಲೇಜಿನ ಹುಡುಗರು ನಮ್ಮ ಮನೆಯನ್ನು ದತ್ತು ತೆಗೆದುಕೊಂಡಿದ್ದಾರೆ" ಎಂದ. ಮಕ್ಕಳನ್ನು ಮನೆಯವರು ದತ್ತು ತೆಗೆದುಕೊಳ್ಳುವುದನ್ನು ಕೇಳಿದ್ದೆ. ಮಕ್ಕಳು ಮನೆಯನ್ನೇ ದತ್ತು ತೆಗೆದುಕೊಳ್ಳುವುದು ನನಗೆ ಹೊಸತು. ಹೋಗಿ ನೋಡಲೇಬೇಕೆಂದು ನಿಶ್ಚಯಿಸಿದೆ.

ವಿಶ್ವವಿದ್ಯಾನಿಲಯದ ಹಿನ್ನೆಲೆ

ಕಿರಿಯ ಓದುಗರಿಗಾಗಿ ಈ ವಿಶ್ವವಿದ್ಯಾನಿಲಯದ ವಿಚಾರವನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುವೆನು. ಹಿಂದಿನ ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರಿಗೆ ತನ್ನದೇ ವೈದ್ಯಕೀಯ ಕಾಲೇಜು ದೊರೆತದ್ದು 1955ರಲ್ಲಿ. 1963ರಲ್ಲಿ ಬೆಳಗಾವಿಯಲ್ಲಿಯೂ ಕಲಬುರಗಿಯಲ್ಲಿಯೂ, 1965ರಲ್ಲಿ ದಾವಣಗೆರೆಯಲ್ಲಿಯೂ, 1984ರಲ್ಲಿ ಮೈಸೂರಿನ ಸುತ್ತೂರು ಮಠದ ಆಶ್ರಯದಲ್ಲಿಯೂ ಕಾಲೇಜುಗಳು ಹುಟ್ಟಿದ ಸಂಗತಿ ನಮ್ಮ ಸಮಾಜದ ಹಿರಿಯರಿಗೆ ನೆನಪಿದೆ. ಕೆಲವರ ಹಿರಿಯರ ಕಾಣಿಕೆಯೂ ಆ ಕಟ್ಟಡಗಳ ಇಟ್ಟಿಗೆಯಲ್ಲಿ ಸೇರಿದೆ. ಆದರೆ ಈ ಕಾಲೇಜುಗಳೆಲ್ಲ ಆಗ ಬೆಂಗಳೂರು, ಮೈಸೂರು, ಕರ್ನಾಟಕ, ಗುಲ್ಬರ್ಗ ಮೊದಲಾದ ಸಾಮಾನ್ಯ ವಿಶ್ವವಿದ್ಯಾನಿಲಯಗಳಿಗೆ ಹಂಚಿಹೋಗಿದ್ದವು. ಒಂದೇ ರಾಜ್ಯದಲ್ಲಿ ಒಂದೊಂದು ಕಡೆ ಒಂದೊಂದು ಪಠ್ಯ, ಒಂದೊಂದು ಪರೀಕ್ಷೆ. ಇವನ್ನೆಲ್ಲ ಒಂದೇ ಸೂರಿನಡಿ ತರಲು 1994ರಲ್ಲಿ ಶಾಸನವಾಗಿ, 1996ರ ಜೂನ್ 1ರಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಬೆಂಗಳೂರಿನಲ್ಲಿ ಅಸ್ತಿತ್ವಕ್ಕೆ ಬಂದಿತು. ಅದರ ಪ್ರಥಮ ಕುಲಪತಿಗಳಾಗಿದ್ದವರು ಒಬ್ಬ ಮಹಿಳೆ, ಡಾ. ಎಸ್. ಕಾಂತಾ. ಜಯನಗರದಲ್ಲಿ ಅದರ ಆಡಳಿತ ಕಚೇರಿಯಿದೆ. ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ, ಶುಶ್ರೂಷಾ ವಿಜ್ಞಾನ, ಔಷಧ ವಿಜ್ಞಾನ ಮುಂತಾದ ಶಾಖೆಗಳ ಸಾವಿರಕ್ಕೂ ಮಿಕ್ಕ ಕಾಲೇಜುಗಳು ಅದಕ್ಕೆ ಸೇರಿವೆ.

ಕುಟುಂಬವನ್ನು ದತ್ತು ತೆಗೆದುಕೊಳ್ಳುವ ಕ್ರಮವು ಇಡೀ ದೇಶಕ್ಕೆ ಅನ್ವಯಿಸುವಂಥದು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಇದನ್ನು ಎಂ.ಬಿ.ಬಿ.ಎಸ್. ಪಠ್ಯದೊಳಗೆ ಸೇರಿಸಿತು. ಅದರಂತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಒಂದು ಹಳ್ಳಿಯ ಮೂರರಿಂದ ಐದು ಮನೆಗಳನ್ನು ತನ್ನವೆಂದು ವಹಿಸಿಕೊಳ್ಳಬೇಕು. ಕಾಲಕಾಲಕ್ಕೆ ಅಲ್ಲಿಗೆ ಹೋಗಿ ಮನೆಯವರ ತೂಕ, ರಕ್ತದೊತ್ತಡ, ರಕ್ತಹೀನತೆ, ಮಕ್ಕಳ ಲಸಿಕೆ, ಕುಡಿಯುವ ನೀರು, ಅಡುಗೆ ಊಟ ಎಲ್ಲವನ್ನೂ ವಿಚಾರಿಸಿ ದಿನಚರಿಯಲ್ಲಿ ಬರೆಯಬೇಕು. ತನ್ನ ಕೈಮೀರಿದ್ದನ್ನು ಅಧ್ಯಾಪಕರಿಗೆ ತಿಳಿಸಿ ಆಸ್ಪತ್ರೆಗೆ ದಾರಿ ಮಾಡಿಕೊಡಬೇಕು.

ಅಳಿಯ ಇದನ್ನು ವಿವರಿಸಿದಾಗ ನನಗೆ ನೆನಪಾದುದು ನನ್ನ ಬಾಲ್ಯದ ಮಠ. ಪಾಠಶಾಲೆಗೆ ಸೇರಿದ ಮೊದಲ ವರ್ಷವೇ ನಮ್ಮ ಹೆಗಲಿಗೆ ಜೋಳಿಗೆ ಹಾಕಿ ಸುತ್ತಲ ಹಳ್ಳಿಗಳಿಗೆ ಭಿಕ್ಷೆಗೆ ಕಳುಹಿಸುತ್ತಿದ್ದರು. ಮಠಕ್ಕೆ ರಾಗಿ ಬೇಕಾಗಿತ್ತು, ನಿಜ. ಆದರೆ ಹಿಂದಿರುಗಿದ ಮೇಲೆ ಗುರುಗಳು ಕೇಳುತ್ತಿದ್ದುದು ಎಷ್ಟು ಸೇರು ಬಂದಿತೆಂದಲ್ಲ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯ ಒಲೆ ಇಂದು ಉರಿಯಲಿಲ್ಲ ಎಂದು. ಉತ್ತರ ಹೇಳಲಾರದವನಿಗೆ ಅಂದು ಅಮರಕೋಶದ ಪಾಠವಿಲ್ಲ. ಹೊಸ್ತಿಲುಗಳನ್ನು ಓದಲು ಬಾರದವನು ಗ್ರಂಥವನ್ನು ಓದಿ ಏನು ಮಾಡುವನು ಎಂಬುದು ಅವರ ಭಾವ. ವೈದ್ಯವಿದ್ಯೆಗೂ ಈಗ ಜೋಳಿಗೆ ಬಂದಿತಲ್ಲ ಎಂದು ಒಳಗೊಳಗೇ ಸಂತೋಷಪಟ್ಟು ಶುಕ್ರವಾರ ನಸುಕಿನಲ್ಲಿ ಹೊರಟೆನು.

ನಾಲ್ಕು ತಾಲ್ಲೂಕು, ಒಂದು ದಾರಿ

ನಾನಿರುವುದು ನೆಲಮಂಗಲದ ಬಳಿ. ಬೆಂಗಳೂರನ್ನು ಹಾದು ಹೋದರೆ ಹೊಸಕೋಟೆ ಹತ್ತಿರವೆನ್ನುತ್ತಾರೆ. ಆ ನಗರದ ವಾಹನಗಳ ಗೊಂದಲದಲ್ಲಿ ಅದು ಹತ್ತಿರವೆಂದು ನನಗೆ ತೋರಿಲ್ಲ. ದಾಬಸ್‌ಪೇಟೆಯಿಂದ ಬಲಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳ ಮೇಲೆ ಹೊಸಕೋಟೆಗೆ ಹೋಗುವ ಹೆದ್ದಾರಿಯುಂಟು. ದಾರದಲ್ಲಿ ಮಣಿ ಪೋಣಿಸಿದಂತೆ ಈ ದಾರಿ ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೂ ಪೋಣಿಸುತ್ತದೆ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಮೊದಲು ರಾಮನಗರದ ಸೀಮೆಯೂ ಸೇರಿತ್ತು. 2007ರಲ್ಲಿ ಅದು ಪ್ರತ್ಯೇಕವಾದ ಮೇಲೆ ಉಳಿದವು ಈ ನಾಲ್ಕೇ. ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು 2025ರ ಜುಲೈ ತಿಂಗಳಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಏನೇ ಆಗಲಿ, ಹಳ್ಳಿಯವರ ಬಾಯಲ್ಲಿ ಅದು ಇಂದಿಗೂ ಗ್ರಾಮಾಂತರವೇ.

ತುಮಕೂರು ರಸ್ತೆಯಲ್ಲಿ ಹೋಗುವಾಗ ಟಿ. ಬೇಗೂರಿನಲ್ಲಿ ಒಂದು ವೈದ್ಯಕೀಯ ಕಾಲೇಜಿನ ಕಟ್ಟಡಗಳು ಕಾಣುತ್ತವೆ. ಇದು ತುಮಕೂರಿನ ಸಿದ್ಧಾರ್ಥ ಸಂಸ್ಥೆಗೆ ಸೇರಿದುದು. ನಾನು ಚಿಕ್ಕವನಾಗಿದ್ದಾಗ ಈ ಪ್ರದೇಶವೆಲ್ಲ ಹುರುಳಿ, ರಾಗಿಯ ಹೊಲ. ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ಕಡೆ ಮುಖ ಮಾಡಬೇಕು. ದಾರಿಯಲ್ಲೇ ಮುಗಿದುಹೋದ ತಾಯಂದಿರ ಕಥೆಗಳನ್ನು ಅಜ್ಜಿಯರು ಹೇಳುತ್ತಿದ್ದರು.

ದಾಬಸ್‌ಪೇಟೆಯ ಹತ್ತಿರ ಶಿವಗಂಗೆಯ ಬೆಟ್ಟ ಬಿಸಿಲ ಮಬ್ಬಿನಲ್ಲಿ ಕಾಣಿಸಿತು. ಅಲ್ಲಿಂದ ಮುಂದೆ ತುಮಕೂರು ಜಿಲ್ಲೆಯ ಗಡಿ. ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಕಾರ್ಯಕರ್ತರು 1961ರಿಂದ 1968ರವರೆಗೆ, ಈ ನಾಲ್ಕು ತಾಲ್ಲೂಕುಗಳೂ ಸೇರಿದ್ದ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ 119 ಹಳ್ಳಿಗಳನ್ನು ಆರಿಸಿ, ಮನೆಮನೆಗೂ ಹೋಗಿ ಮತ್ತೆ ಮತ್ತೆ ಪರೀಕ್ಷಿಸಿದರು. ಕ್ಷಯವು ಹಳ್ಳಿಯಲ್ಲಿ ಹೇಗೆ ಹುಟ್ಟಿ ಹೇಗೆ ಹರಡುವುದೆಂಬುದನ್ನು ಜಗತ್ತಿನ ವೈದ್ಯರು ನಮ್ಮ ರಾಗಿ ಉಣ್ಣುವ ಜನರಿಂದ ಕಲಿತರು. ಅದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ವಿಷಯವನ್ನು ಶೋಧಿಸಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ರೋಗಿ ಅಜ್ಞಾನಿ, ತಾನಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಪಂಡಿತರ ನಂಬಿಕೆ. ಇವರು ಮನೆಯಲ್ಲಿ ಕುಳಿತು ಕೇಳಿದಾಗ ತಿಳಿದದ್ದೇ ಬೇರೆ. ಕಫದಲ್ಲಿ ಕ್ಷಯದ ಕ್ರಿಮಿ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಸಾಮಾನ್ಯವಾಗಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ತಪ್ಪು ಹಳ್ಳಿಗನದಲ್ಲ, ಅವನನ್ನು ಕೇಳದವರದು ಎಂಬ ಈ ಮಾತು ದೇಶದ ಕ್ಷಯ ನಿವಾರಣಾ ಕಾರ್ಯದ ರೂಪವನ್ನೇ ತಿದ್ದಿತು. ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದಕ್ಕೆ ದೊರೆತ ಫಲವಿದು.

ದೊಡ್ಡಬಳ್ಳಾಪುರವನ್ನು ಹೊಕ್ಕಾಗ ಬಿಸಿಲು ಏರಿತ್ತು. ಓಣಿ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಲಟಪಟ ಸದ್ದು. ಸೀರೆ ನೇಯುವ ಈ ಊರಿನ ಮಡಿಲಲ್ಲಿ ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಹರಿಯಬೇಕು. ಹರಿಯುತ್ತದೆಂದು ಹೇಳಲು ನಾಲಿಗೆ ಏಳದು. ಕಾರ್ಖಾನೆಗಳ ಮತ್ತು ಊರಿನ ಕೊಳೆನೀರು ಸೇರಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳು ಕೆಟ್ಟವೆಂದು ಸುತ್ತಲ ಹಳ್ಳಿಯವರು ಹಲವು ವರ್ಷಗಳಿಂದ ಹೋರಾಟ ನಡೆಸಿದ್ದಾರೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತ ರೈತನೊಬ್ಬ, "ಸ್ವಾಮೀ, ಡಾಕ್ಟ್ರು ಬಂದು ಬಿ.ಪಿ. ನೋಡ್ತಾರೆ, ಸರಿ. ನಮ್ಮ ಕೆರೆಗೆ ಬಿ.ಪಿ. ನೋಡೋರು ಯಾರು?" ಎಂದನು. ನಕ್ಕು ಬಿಡುವ ಮಾತಲ್ಲ. ಮನೆಯ ಆರೋಗ್ಯವನ್ನು ಬರೆದುಕೊಳ್ಳುವ ವಿದ್ಯಾರ್ಥಿಯ ದಿನಚರಿಯಲ್ಲಿ ಕುಡಿಯುವ ನೀರಿಗೂ ಒಂದು ಸ್ಥಾನವಿದೆಯಷ್ಟೆ. ಆ ಪುಟಗಳನ್ನು ಒಟ್ಟುಗೂಡಿಸಿ ಓದುವವರು ಬೇಕು. ಓದಿದ ಮೇಲೆ ಕೇಳಬೇಕಾದವರನ್ನು ಕೇಳುವ ಧೈರ್ಯವೂ ಬೇಕು.

ದೇವನಹಳ್ಳಿಯಲ್ಲಿ ಇಳಿದು ಒಂದು ಲೋಟ ಮಜ್ಜಿಗೆ ಕುಡಿದೆನು. ಟಿಪ್ಪು ಹುಟ್ಟಿದ ಕೋಟೆ, ಹೆಸರುವಾಸಿಯಾದ ಚಕ್ಕೋತ ಇವು ಹಳೆಯ ದೇವನಹಳ್ಳಿ. 2008ರ ಮೇ ತಿಂಗಳಲ್ಲಿ ತೆರೆದ ವಿಮಾನ ನಿಲ್ದಾಣ ಹೊಸ ದೇವನಹಳ್ಳಿ. ಎರಡರ ನಡುವೆ ಆಕಾಶ್ ವೈದ್ಯಕೀಯ ಸಂಸ್ಥೆಯ ಕಾಲೇಜು ಇದೆ. ಇಲ್ಲಿಂದ ವಿಜಯಪುರದ ಮೇಲೆ ಶಿಡ್ಲಘಟ್ಟದ ಕಡೆಗೆ ಹೋದರೆ ಮಳ್ಳೂರು ಎಂಬ ಹಳ್ಳಿ ಸಿಕ್ಕುತ್ತದೆ. 1973ರಲ್ಲಿ ಆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಕೂಡಿ ಒಂದು ಆರೋಗ್ಯ ಸಹಕಾರ ಕೇಂದ್ರವನ್ನು ಕಟ್ಟಿದವು. ಹಾಲು ಹಾಕುವ ರೈತ ಲೀಟರಿಗೆ ಇಂತಿಷ್ಟು ಪೈಸೆಯನ್ನು ಆರೋಗ್ಯಕ್ಕೆಂದು ಬಿಟ್ಟುಕೊಡುವುದು, ಆ ಹಣದಿಂದ ವೈದ್ಯರೂ ಔಷಧವೂ ಹಳ್ಳಿಗೆ ಬರುವುದು, ಇದು ಅದರ ಕ್ರಮ. ನಮ್ಮ ಹಿರಿಯರು ಇದನ್ನು ದಾಸೋಹವೆಂದು ಕರೆಯುತ್ತಿದ್ದರು. ಪಡೆಯುವವನೇ ಕೊಡುವವನೂ ಆದುದರಿಂದ ಅಲ್ಲಿ ಯಾರೂ ಭಿಕ್ಷುಕರಲ್ಲ. ವಿದ್ಯಾರ್ಥಿಗಳು ಹಳ್ಳಿಯಿಂದ ಕಲಿಯುವುದು ಈ ಸೀಮೆಗೆ ಹೊಸತಲ್ಲವೆಂದು ತೋರಿಸಲು ಈ ಮಾತನ್ನು ಹೇಳಿದೆ.

ಅಕ್ಕನ ಮನೆಯ ಮಾಳಿಗೆ

ಸೂಲಿಬೆಲೆ ದಾಟಿದ ಮೇಲೆ ನನ್ನ ಮನಸ್ಸು ಸುತ್ತಲ ದೃಶ್ಯವನ್ನು ಬಿಟ್ಟು ಒಳಮುಖವಾಯಿತು. ಇದೇ ದಾರಿಯಲ್ಲಿ ಎಂಟು ವರ್ಷಗಳ ಹಿಂದೆ ನನ್ನ ಭಾವನವರ ಅಂತ್ಯಕ್ರಿಯೆಗೆ ಹೋಗಿದ್ದೆನು. ಗಟ್ಟಿಮುಟ್ಟಾದ ಒಕ್ಕಲು ಮನುಷ್ಯ. ಒಮ್ಮೆ ತಲೆಸುತ್ತು ಬಂದಾಗ ಪೇಟೆಯ ಒಂದು ಆಸ್ಪತ್ರೆಯಲ್ಲಿ ರಕ್ತದೊತ್ತಡವೆಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಎಷ್ಟು ದಿನ, ಏಕೆ, ಬಿಟ್ಟರೆ ಏನಾಗುವುದು ಎಂದು ಯಾರೂ ಹೇಳಲಿಲ್ಲ; ಇವರೂ ಕೇಳಲಿಲ್ಲ. ತಿಂಗಳಾದ ಮೇಲೆ ತಲೆಸುತ್ತು ನಿಂತಿತು. ಆಗ ನಾನು ಅವರ ಮನೆಯಲ್ಲಿದ್ದೆ. "ಗುಣವಾದ ಮೇಲೆ ಮದ್ದೇಕೆ ಭಾವಾ? ಹಸಿವಿಲ್ಲದ ಊಟವೂ ರೋಗವಿಲ್ಲದ ಔಷಧವೂ ಒಂದೇ" ಎಂದು ದೊಡ್ಡ ಪಂಡಿತನಂತೆ ನುಡಿದವನು ನಾನೇ. ಓದಿದ ಭಾವಮೈದುನನ ಮಾತೆಂದು ಅವರು ಮಾತ್ರೆ ನಿಲ್ಲಿಸಿದರು. ವರ್ಷ ತುಂಬುವುದರೊಳಗೆ ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಬಿದ್ದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮೂರು ದಿನಗಳಲ್ಲಿ ಲಿಂಗೈಕ್ಯರಾದರು. ಈ ಮಾತನ್ನು ಇಂದಿನವರೆಗೆ ಎಲ್ಲಿಯೂ ಬರೆದವನಲ್ಲ.

ಅಕ್ಕನ ಮನೆ ತಲುಪಿದಾಗ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಪಕ್ಕದಲ್ಲಿ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ನೆರಳಿನಲ್ಲಿ ಕಾಗೆ ಓಡಿಸುತ್ತ ಅಕ್ಕ. ಅವಳ ಮಗ್ಗುಲಲ್ಲಿ ಕುಳಿತು ಏನನ್ನೋ ಬರೆದುಕೊಳ್ಳುತ್ತಿದ್ದ ಒಬ್ಬ ಹುಡುಗ, ಒಬ್ಬ ಹುಡುಗಿ. ಜೊತೆಗೆ ಊರಿನ ಆಶಾ ಕಾರ್ಯಕರ್ತೆ. ಹುಡುಗಿ ಕೇರಳದವಳು. ಮೊದಲ ವರ್ಷದ ಪಾಠ ಆರಂಭವಾಗುವ ಮುನ್ನ ಸ್ಥಳೀಯ ಭಾಷೆಯನ್ನು ಕಲಿಸುವ ಕ್ರಮವಿರುವುದರಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದಳು. ಹುಡುಗ ಕಲಬುರಗಿಯ ಕಡೆಯವನು. ಅಚ್ಚ ಕನ್ನಡಿಗನಾದ ಅವನ ಮಾತೇ ಅಕ್ಕನಿಗೆ ಮೊದಮೊದಲು ತೊಡಕಾಯಿತಂತೆ. "ಆಯಿ, ಗುಳಗಿ ತಗೊಂಡ್ರೇನ್ರೀ?" ಎಂದು ಅವನು ಕೇಳಿದಾಗ, ಗುಳಿಗೆಯೆಂದರೆ ಮಾತ್ರೆಯೆಂದು ತಿಳಿಯದೆ ಅಕ್ಕ ಆಶಾ ಕಾರ್ಯಕರ್ತೆಯ ಮುಖ ನೋಡಿದಳಂತೆ.

ಅವರಿಬ್ಬರೂ ಬರುತ್ತಿದ್ದುದು ಅದು ನಾಲ್ಕನೆಯ ಸಲ. ಮೊದಲ ಭೇಟಿಯಲ್ಲಿ ಅಕ್ಕನ ರಕ್ತದೊತ್ತಡ 170/100 ಇತ್ತು. 140/90ರಿಂದ ಮೇಲಿದ್ದರೆ ಎಚ್ಚರ ವಹಿಸಬೇಕೆಂಬುದು ಲೆಕ್ಕ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದಾಗ ಅಕ್ಕ ಹೂಂ ಎಂದಿದ್ದಳು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಿಂಗಳು ತಿಂಗಳೂ ಮಾತ್ರೆ ಬರುತ್ತಿದ್ದುದು ಪುಸ್ತಕದಲ್ಲಿಯೂ ಇತ್ತು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ಅಧ್ಯಾಪಕರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲು ಸೂಚಿಸುವುದರಲ್ಲಿದ್ದರು. ಅಂದು ಹುಡುಗಿ, ಉಪ್ಪು ಎಷ್ಟು ಬಳಸುತ್ತೀರೆಂದು ತಿಳಿಯಲು ಸಂಡಿಗೆಯ ಹಿಟ್ಟನ್ನು ಕಾಣಬೇಕೆಂದಳು. ಅಕ್ಕನ ಸೊಸೆ ಅಡುಗೆಮನೆಗೆ ಕರೆದೊಯ್ದಳು. ಜೀರಿಗೆಯ ಡಬ್ಬವೆಂದು ತೆಗೆದುಕೊಟ್ಟದ್ದರಲ್ಲಿ ಜೀರಿಗೆ ಇರಲಿಲ್ಲ. ಮಾತ್ರೆಯ ಹಾಳೆಗಳು, ಒಡೆಯದೆ ಇದ್ದಂತೆಯೇ, ಡಬ್ಬದ ಕಂಠದವರೆಗೆ ತುಂಬಿದ್ದವು.

ಹುಡುಗಿ ಗದರಲಿಲ್ಲ. ಡಬ್ಬವನ್ನು ತಂದು ಅಕ್ಕನ ಮುಂದಿಟ್ಟು, ನೆಲದ ಮೇಲೆ ಕುಳಿತು, "ಅಜ್ಜಿ, ಇದು ಯಾಕೆ ತಿನ್ನಲಿಲ್ಲ?" ಎಂದು ಮೆಲ್ಲಗೆ ಕೇಳಿದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆಗೆ ಕೈ ತೋರಿಸಿ, "ನನ್ನ ತಮ್ಮ ಮಠದಲ್ಲಿ ಓದಿರೋನು ಕಣವ್ವಾ. ಚೆನ್ನಾಗಿರೋವಾಗ ಮದ್ದು ತಿನ್ನಬಾರದು ಅಂತ ಅವನೇ ಹೇಳವ್ನೆ. ನಂಗೆ ತಲೆ ಸುತ್ತಿದ ದಿನ ಒಂದು ನುಂಗ್ತೀನಿ" ಎಂದಳು.

ಓದುಗ ಬಂಧುಗಳೇ, ಅರವತ್ತು ದಾಟಿದ ನಾನು ಎಷ್ಟೋ ಸಭೆಗಳಲ್ಲಿ ಮಾತನಾಡಿದವನು. ಅಂದು ಆ ಮಾಳಿಗೆಯ ಮೇಲೆ ನನಗೆ ಮಾತು ಬರಲಿಲ್ಲ. ಭಾವನವರಿಗೆ ನಾನಂದ ಒಂದು ಮಾತನ್ನು ಅವಳು ಎಂಟು ವರ್ಷಗಳ ಕಾಲ ಮಂತ್ರದಂತೆ ಇಟ್ಟುಕೊಂಡಿದ್ದಳು. ಕಡೆಗೆ ಹೇಳಿದೆ: "ಅಕ್ಕಾ, ಅದು ನನ್ನ ತಪ್ಪು ಮಾತು. ಗೊತ್ತಿಲ್ಲದೆ ಹೇಳಿದೆ. ಈ ಮಕ್ಕಳ ಮುಂದೆ ಆ ಮಾತನ್ನು ವಾಪಸು ತಗೊಳ್ತೀನಿ. ದಿನಾ ಮಾತ್ರೆ ತಗೊ."

ಅಕ್ಕ ನನ್ನನ್ನೇ ನೋಡಿದಳು. "ಹಂಗಾದ್ರೆ ಅವರೂ..." ಎಂದು ನಿಲ್ಲಿಸಿದಳು.

"ಹೂಂ ಅಕ್ಕಾ" ಎಂದೆ. ಬೇರೇನನ್ನೂ ಹೇಳಲಾಗಲಿಲ್ಲ.

ಕಾಗೆಯೊಂದು ಸಂಡಿಗೆಗೆ ಎರಗಿತು. ಯಾರೂ ಓಡಿಸಲಿಲ್ಲ. ಕಲಬುರಗಿಯ ಹುಡುಗ ಎದ್ದು ಹೋಗಿ ಒಂದು ಚೊಂಬು ನೀರು ತಂದು ಅಕ್ಕನ ಕೈಗೆ ಕೊಟ್ಟನು. ತನಗೆ ಹೇಳಿಕೊಟ್ಟ ಪಾಠವನ್ನು ಆಮೇಲೆ ನಿಧಾನವಾಗಿ ವಿವರಿಸಿದನು. ರಕ್ತದೊತ್ತಡವು ಜ್ವರದಂತಲ್ಲ, ಮೈಯಲ್ಲಿ ಇದ್ದೂ ಇಲ್ಲದಂತಿರುತ್ತದೆ. ತಲೆಸುತ್ತು ನಿಂತಿತೆಂದರೆ ರೋಗ ಹೋಯಿತೆಂದಲ್ಲ, ಮಾತ್ರೆ ತನ್ನ ಕೆಲಸ ಮಾಡುತ್ತಿದೆಯೆಂದು ಅರ್ಥ. ಅದನ್ನು ಬಿಟ್ಟರೆ ಮಿದುಳಿನ ನಾಳ ಒಡೆಯಬಹುದು, ಇಲ್ಲವೆ ಕಟ್ಟಿಕೊಳ್ಳಬಹುದು. ನನ್ನ ಗುರುಗಳಿದ್ದಿದ್ದರೆ ಇವನಿಗೆ ಅಂದು ಅಮರಕೋಶದ ಪಾಠ ಹೇಳುತ್ತಿದ್ದರು.

ಮನೆಯವರ ಪಾಲಿನ ಕೆಲಸ

ಹೊಸಕೋಟೆಯ ಬಳಿ ದಂಡುಪಾಳ್ಯದಲ್ಲಿ 2001ರಲ್ಲಿ ಆರಂಭವಾದ ಎಂ.ವಿ.ಜೆ. ವೈದ್ಯಕೀಯ ಕಾಲೇಜು ಇದೆ. ಇನ್ನೂ ಪೂರ್ವಕ್ಕೆ ಹೋದರೆ ಕೋಲಾರದ ಟಮಕದಲ್ಲಿ 1986ರ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. ಅದೇ ಕೋಲಾರ ಜಿಲ್ಲೆಯಿಂದ ರಾಜ್ಯ ಸರ್ಕಾರವು 2024ರಲ್ಲಿ, ಮನೆ ಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದವನ್ನು ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಹೀಗೆ ವಿದ್ಯೆಯೂ ಸರ್ಕಾರವೂ ನಮ್ಮ ಹೊಸ್ತಿಲಿನ ಕಡೆಗೆ ಬರುತ್ತಿವೆ. ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳುವುದಿಲ್ಲ. "ಬಂದರು, ಬರೆದುಕೊಂಡರು, ಫೋಟೋ ತೆಗೆದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ" ಎಂದು ನೊಂದು ನುಡಿದ ಮನೆಗಳನ್ನೂ ಈ ಪ್ರವಾಸದಲ್ಲಿ ಕಂಡೆನು. ಅಂಕಕ್ಕಾಗಿ ದಿನಚರಿ ತುಂಬಿಸುವ ವಿದ್ಯಾರ್ಥಿ ಎಲ್ಲ ಕಾಲದಲ್ಲಿಯೂ ಇದ್ದಾನೆ; ನಮ್ಮ ಮಠದಲ್ಲಿಯೂ ದಾರಿಯ ಅರಳಿಕಟ್ಟೆಯಲ್ಲಿ ಮಲಗಿ ಬಂದು ಗುರುಗಳಿಗೆ ಸುಳ್ಳು ಹೇಳುವವರಿದ್ದರು.

ಆದರೆ ನಮ್ಮ ಪಾಲಿನ ಕೆಲಸವೂ ಉಂಟು. ಅಂಥ ಮಕ್ಕಳು ಬಾಗಿಲಿಗೆ ಬಂದಾಗ ಒಳಗೆ ಕರೆದು ಕೂರಿಸಿ. ಕಾಫಿ ಕೊಡುವುದಕ್ಕಿಂತ ಮೊದಲು ನಿಜವನ್ನು ಕೊಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ತಿಂದದ್ದು ತಿನ್ನದೆ ಉಳಿದದ್ದು ಎರಡನ್ನೂ, ತಂದು ಮುಂದಿಡಿ, ನಾಚಿಕೆಪಡಬೇಡಿ. ವೈದ್ಯರು ಮಾತ್ರೆ ಬರೆದಾಗ ಮೂರು ಮಾತು ಕೇಳದೆ ಎದ್ದು ಬರಬೇಡಿ: ಇದು ಏಕೆ, ಎಷ್ಟು ಕಾಲ, ಬಿಟ್ಟರೆ ಏನು? ಅವರ ಮಾತಿಲ್ಲದೆ ಮಾತ್ರೆಯನ್ನು ನಿಲ್ಲಿಸಬೇಡಿ. ನನ್ನಂಥ ಓದಿದ ನೆಂಟ ಹೇಳಿದನೆಂದಂತೂ ನಿಲ್ಲಿಸಲೇಬೇಡಿ. ಬೇಸಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವ ತಾಯಂದಿರು ನೆನಪಿಡಬೇಕಾದದ್ದು ಒಂದಿದೆ. ದೊಡ್ಡವರೊಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚ ತುಂಬದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿನ ಉಪ್ಪೂ ಸಂಡಿಗೆಯ ಉಪ್ಪೂ ಅದರೊಳಗೇ ಸೇರಬೇಕು. ಮುಖ ಒಂದು ಕಡೆಗೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಫಲ ಕೊಡುವುದು ಸುಮಾರು ನಾಲ್ಕೂವರೆ ಗಂಟೆಯೊಳಗೆ ಮಾತ್ರ.

ವೈದ್ಯರಾಗಲು ಹೊರಟ ಮಕ್ಕಳಿರುವ ಮನೆಗಳಿಗೂ ಒಂದು ಮಾತು. ಪದಕ ಬಂದರೆ ಗೋಡೆಗೆ ತೂಗುಹಾಕಿ, ಸಂತೋಷ. ಆದರೆ ರಜೆಗೆ ಬಂದ ಮಗನನ್ನೋ ಮಗಳನ್ನೋ, ನೀನು ವಹಿಸಿಕೊಂಡ ಮನೆಗಳವರ ಹೆಸರೇನು, ಆ ಮನೆಯ ಅಜ್ಜಿ ಹೇಗಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಸಂಜೆ ಹೊರಡುವಾಗ ಅಕ್ಕ ಆ ಇಬ್ಬರು ಮಕ್ಕಳಿಗೂ ನನಗೂ ಒಂದೊಂದು ಪೊಟ್ಟಣ ಕೊಟ್ಟಳು. "ಸಂಡಿಗೆ ಕಣಮ್ಮ, ಉಪ್ಪು ಕಮ್ಮಿ ಹಾಕಿದ್ದು, ಮೊನ್ನೆ ನೀನು ಹೇಳ್ದಂಗೆ" ಎಂದು ಹುಡುಗಿಯ ತಲೆ ನೇವರಿಸಿದಳು. ನನ್ನ ಜೊತೆ ಊರ ಬಾಗಿಲವರೆಗೆ ನಡೆದು ಬಂದವಳು ಭಾವನವರ ವಿಷಯವನ್ನು ಮತ್ತೆ ಎತ್ತಲಿಲ್ಲ. ಬಸ್ಸು ಹತ್ತುವಾಗ ಮಾತ್ರ, "ನಿನ್ನ ಬಿ.ಪಿ. ತೋರಿಸ್ಕೊಂಡಿದ್ದೀಯೇನಪ್ಪಾ?" ಎಂದು ಕೇಳಿದಳು. ಇಲ್ಲವೆಂದೆ. "ನಾಳೆನೇ ತೋರಿಸ್ಕೊ" ಎಂದಳು.

ತೋರಿಸಿಕೊಂಡೆನು. ನನಗೂ ಮಾತ್ರೆ ಆರಂಭವಾಗಿದೆ. ತಿಂಗಳು ಕಳೆದ ಮೇಲೆ ಅಳಿಯ ದೂರವಾಣಿಯಲ್ಲಿ, ಆ ಮಕ್ಕಳು ಮತ್ತೆ ಬಂದಿದ್ದರೆಂದೂ ಅಕ್ಕನ ರಕ್ತದೊತ್ತಡ 138/86ಕ್ಕೆ ಇಳಿದಿದೆಯೆಂದೂ ತಿಳಿಸಿದನು. ಆ ಬೇಸಗೆಯಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ವಾರ್ತೆಗಳನ್ನು ಪತ್ರಿಕೆಯಲ್ಲಿ ಬಹಳಷ್ಟು ಓದಿದ್ದೆನು. ಅಳಿಯ ಹೇಳಿದ ಆ ಎರಡು ಅಂಕೆಗಳನ್ನು ಮಾತ್ರ ನನ್ನ ದಿನಚರಿಯಲ್ಲಿ ಬರೆದುಕೊಂಡೆನು.